ಚೀನಾದ ನಗರಗಳು ಇಷ್ಟು ಅಗಲವಾಗಿ ಹರಡಿದ್ದು ಏಕೆ?

ಪ್ರಶ್ನೆ: ವೇಗವಾಗಿ ಅಭಿವೃದ್ಧಿ ಹೊಂದುವ ದೇಶಗಳಲ್ಲಿ ನಗರಗಳು ಸುತ್ತಲಿನ ಕೃಷಿಭೂಮಿಯನ್ನು ಆವರಿಸುತ್ತಾ ಹೋಗುವುದಕ್ಕೆ ಜನಸಂಖ್ಯೆಯ ಹೆಚ್ಚಳವೇ ಮುಖ್ಯ ಕಾರಣವೆಂದು ಓದಿಕೊಂಡು ಬಂದಿದ್ದೇನೆ. ಆದರೆ ಚೀನಾದಲ್ಲಿ ನಗರದ ಜನರಿಗಿಂತ ನಗರದ ವಿಸ್ತೀರ್ಣವೇ ಬೇಗ ಬೆಳೆಯಿತು ಎನ್ನುತ್ತಾರೆ. ಹಾಗಾದರೆ ಅಲ್ಲಿ ನಗರಗಳನ್ನು ಹೊರಕ್ಕೆ ತಳ್ಳಿದ್ದು ಏನು? ಅಷ್ಟೊಂದು ಜಮೀನು ನಗರಕ್ಕೆ ಸೇರಿದ ಮೇಲೂ ಮನೆಗಳ ಬೆಲೆ ಏಕೆ ಏರುತ್ತಲೇ ಹೋಯಿತು? ಸ್ನಾತಕೋತ್ತರ ಪ್ರಬಂಧಕ್ಕೆ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಉತ್ತರ: ನೀವು ಕೇಳಿದ ಎರಡು ಪ್ರಶ್ನೆಗಳಿಗೂ ಒಂದೇ ಬೇರಿದೆ. ಜನಸಂಖ್ಯೆ, ಆದಾಯ, ಕೈಗಾರಿಕೆ ಇವು ನಗರಕ್ಕೆ ಜಮೀನು ಬೇಕೆನ್ನುವ ಒತ್ತಡವನ್ನು ಹುಟ್ಟಿಸಿದವು ಎಂಬುದು ನಿಜ. ಆದರೆ ಆ ಒತ್ತಡ ಎಷ್ಟು ಜಮೀನಾಗಿ, ಯಾವ ದಿಕ್ಕಿನಲ್ಲಿ, ಯಾವ ಆಕಾರದಲ್ಲಿ ಹರಡಬೇಕು ಎಂಬುದನ್ನು ತೀರ್ಮಾನಿಸಿದ್ದು ಮಾತ್ರ ಬೇರೆಯದೇ ಸಂಗತಿ: ರೈತರಿಂದ ಜಮೀನನ್ನು ಪಡೆಯುವ ಅಧಿಕಾರ ಯಾರಿಗಿದೆ, ಯಾವ ಬೆಲೆಗೆ ಪಡೆಯಬಹುದು, ಮಾರಿದಾಗ ಸಿಗುವ ವ್ಯತ್ಯಾಸದ ಹಣ ಯಾರ ಖಜಾನೆಗೆ ಸೇರುತ್ತದೆ ಎಂಬುದು.

ಮೊದಲು ಅಂಕಿ ಅಂಶಗಳನ್ನು ನೋಡೋಣ. ಅಧಿಕೃತ ಲೆಕ್ಕದಲ್ಲಿ ಚೀನಾದ ನಗರಗಳ ಕಟ್ಟಡಾವೃತ ಪ್ರದೇಶ 1981ರಲ್ಲಿ ಸುಮಾರು 7,400 ಚದರ ಕಿಲೋಮೀಟರ್ ಇತ್ತು. 2000ದ ಹೊತ್ತಿಗೆ ಅದು 22,400ಕ್ಕೆ, 2010ಕ್ಕೆ 40,000ಕ್ಕೆ, 2020ಕ್ಕೆ 60,000 ಚದರ ಕಿಲೋಮೀಟರ್‌ಗೂ ಮೇಲಕ್ಕೆ ಏರಿತು. ಇದೇ ಅವಧಿಯಲ್ಲಿ ನಗರವಾಸಿಗಳ ಸಂಖ್ಯೆ ಸುಮಾರು 20 ಕೋಟಿಯಿಂದ 90 ಕೋಟಿಗೆ ಏರಿತು. ಅಂದರೆ ಜನ ನಾಲ್ಕೂವರೆ ಪಟ್ಟಾದರೆ ಜಮೀನು ಎಂಟು ಪಟ್ಟಾಯಿತು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮೊದಲ ಲೆಕ್ಕ ನಗರವೆಂದು ಘೋಷಿತವಾದ ಊರುಗಳಿಗೆ ಸೀಮಿತವಾದದ್ದು, ಎರಡನೆಯದರಲ್ಲಿ ಸಣ್ಣ ಪಟ್ಟಣಗಳ ಜನರೂ ಸೇರಿದ್ದಾರೆ; ಜೊತೆಗೆ ಘೋಷಿತ ನಗರಗಳ ಸಂಖ್ಯೆಯೂ ಈ ನಡುವೆ ಹೆಚ್ಚಾಗಿದೆ. ಆದ್ದರಿಂದ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನಿಖರವಾದ ಅನುಪಾತವನ್ನು ಪ್ರಬಂಧದಲ್ಲಿ ಬರೆಯಬೇಡಿ. ಆದರೆ ದಿಕ್ಕಿನ ಬಗ್ಗೆ ಅನುಮಾನವಿಲ್ಲ: ಜನರಿಗಿಂತ ಜಮೀನು ಮುಂದೆ ಓಡಿದೆ.

ನಗರ ಅರ್ಥಶಾಸ್ತ್ರದ ಹಳೆಯ ಮಾದರಿಯೊಂದು ಇದನ್ನು ಭಾಗಶಃ ವಿವರಿಸುತ್ತದೆ. ಆ ಮಾದರಿಯ ಪ್ರಕಾರ ನಗರದ ಅಂಚು ಎಲ್ಲಿ ನಿಲ್ಲುತ್ತದೆಂದರೆ, ಮನೆ ಕಟ್ಟಲು ಕೊಡುವ ಬಾಡಿಗೆಯೂ ಅದೇ ಜಮೀನಿನಲ್ಲಿ ಬೆಳೆ ತೆಗೆದರೆ ಸಿಗುವ ಬಾಡಿಗೆಯೂ ಸಮನಾಗುವ ಜಾಗದಲ್ಲಿ. ಜನ ಹೆಚ್ಚಾದರೆ, ಅವರ ಆದಾಯ ಏರಿದರೆ, ಅಥವಾ ಓಡಾಟದ ಖರ್ಚು ಇಳಿದರೆ ಅಂಚು ಹೊರಕ್ಕೆ ಸರಿಯುತ್ತದೆ. ಕೃಷಿಭೂಮಿಯ ಬೆಲೆ ಏರಿದರೆ ಅದು ಅಂಚನ್ನು ತಡೆಯುತ್ತದೆ. ಚೀನಾದ ಉಪಗ್ರಹ ಚಿತ್ರಗಳನ್ನೂ ಜಿಲ್ಲಾವಾರು ಆರ್ಥಿಕ ಮಾಹಿತಿಯನ್ನೂ ಜೋಡಿಸಿ ಮಾಡಿದ, 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆರ್ಥಿಕತೆ ಶೇ. 10ರಷ್ಟು ಬೆಳೆದರೆ ನಗರದ ಕೇಂದ್ರಭಾಗ ಸುಮಾರು ಶೇ. 3ರಷ್ಟು ಹಿಗ್ಗುತ್ತದೆ ಎಂದು ಕಂಡುಕೊಂಡಿತು. ವಿಸ್ತರಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಆರ್ಥಿಕ ಬೆಳವಣಿಗೆಯದು ಎಂಬುದು ಅದರ ತೀರ್ಮಾನ. ಆದಾಯ ಏರಿದ ಕುಟುಂಬ ಒಂದು ಕೋಣೆಯ ಬದಲು ಮೂರು ಕೋಣೆಯ ಮನೆ ಕೇಳುತ್ತದೆ. ಅಗಲವಾದ ರಸ್ತೆ, ಉದ್ಯಾನ, ಶಾಲೆ, ಕಾರು ನಿಲ್ಲಿಸುವ ಜಾಗ ಎಲ್ಲವೂ ಜಮೀನನ್ನೇ ಕೇಳುತ್ತವೆ. 1998ರಲ್ಲಿ ಸರ್ಕಾರಿ ಕಾರ್ಖಾನೆ, ಕಚೇರಿಗಳು ನೌಕರರಿಗೆ ಮನೆ ಹಂಚುವ ಪದ್ಧತಿ ನಿಂತು, ಜನ ತಮ್ಮ ಮನೆಯನ್ನು ತಾವೇ ಕೊಳ್ಳಬೇಕಾಗಿ ಬಂದ ಮೇಲೆ ಈ ಬೇಡಿಕೆ ಒಮ್ಮೆಲೇ ಹೊರಬಿತ್ತು.

ಕೈಗಾರಿಕೆಯ ಪಾತ್ರ ಇದಕ್ಕಿಂತ ಮೊದಲೇ ಆರಂಭವಾಗಿತ್ತು. 1980ರಲ್ಲಿ ಶೆಂಝೆನ್, ಝುಹಾಯ್, ಶಾಂಟೌ, ಶಿಯಾಮೆನ್‌ಗಳು ವಿಶೇಷ ಆರ್ಥಿಕ ವಲಯಗಳಾದವು. 1984ರಲ್ಲಿ ಇನ್ನೂ 14 ಕರಾವಳಿ ನಗರಗಳು ವಿದೇಶಿ ಬಂಡವಾಳಕ್ಕೆ ತೆರೆದುಕೊಂಡವು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. ರಫ್ತಿಗಾಗಿ ಕೆಲಸ ಮಾಡುವ ಕಾರ್ಖಾನೆಗೆ ಹಳೆಯ ನಗರದ ನಡುಮಧ್ಯೆ ಇರಬೇಕಾದ ಅಗತ್ಯವಿಲ್ಲ. ಬಂದರಿಗೆ ಹೋಗುವ ರಸ್ತೆಯ ಬದಿಯಲ್ಲಿ ಸಮತಟ್ಟಾದ, ಒಂದೇ ಅಂತಸ್ತಿನ ಶೆಡ್ಡು ಹಾಕಬಹುದಾದ ಅಗ್ಗದ ಜಮೀನು ಸಾಕು. ಹೀಗಾಗಿ ದಕ್ಷಿಣ ಚೀನಾದ ಪರ್ಲ್ ನದಿ ಮುಖಜ ಭೂಮಿಯಲ್ಲಿ ಕೇಂದ್ರದಿಂದ ಅಂಚಿಗೆ ಹರಿಯುವ ಬೆಳವಣಿಗೆಗಿಂತ, ಹತ್ತಾರು ಕಡೆ ಒಟ್ಟಿಗೇ ಮೊಳೆತು ಒಂದಕ್ಕೊಂದು ಕೂಡಿಕೊಂಡ ಬೆಳವಣಿಗೆಯೇ ಹೆಚ್ಚು. ಎಲ್ಲವನ್ನೂ ಸರ್ಕಾರವೇ ಮಾಡಿತೆಂದೂ ತಿಳಿಯಬಾರದು. ಫೋಶಾನ್‌ನ ನಾನ್‌ಹಾಯ್‌ನಲ್ಲಿ 1990ರ ದಶಕದ ಆರಂಭದಲ್ಲಿ ಹಳ್ಳಿಯವರೇ ತಮ್ಮ ಹೊಲಗಳನ್ನು ಷೇರುಗಳಾಗಿ ಒಟ್ಟುಗೂಡಿಸಿ, ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟು, ಲಾಭವನ್ನು ಹಂಚಿಕೊಂಡರು. ಆದರೆ ದೇಶದ ಬಹುಪಾಲು ಕಡೆ ನಡೆದದ್ದು ಇದಲ್ಲ.

ನಡೆದದ್ದೇನೆಂದು ತಿಳಿಯಲು ಕಾನೂನಿಗೆ ಬರಬೇಕು. 1982ರ ಸಂವಿಧಾನದ ಪ್ರಕಾರ ನಗರದ ಭೂಮಿ ರಾಜ್ಯದ್ದು, ಹಳ್ಳಿಯ ಭೂಮಿ ಹಳ್ಳಿಯ ಸಮುದಾಯದ್ದು. ಯಾವ ವ್ಯಕ್ತಿಯೂ ಭೂಮಿಯ ಒಡೆಯನಲ್ಲ; ಇರುವುದು ಬಳಕೆಯ ಹಕ್ಕು ಮಾತ್ರ. ಆ ಬಳಕೆಯ ಹಕ್ಕಿಗೂ ಬೆಲೆಯಿದೆ ಎಂಬುದು ಸಾರ್ವಜನಿಕವಾಗಿ ತೋರಿದ್ದು 1987ರ ಡಿಸೆಂಬರ್ 1ರಂದು, ಶೆಂಝೆನ್‌ನಲ್ಲಿ ನಡೆದ ಹರಾಜಿನಲ್ಲಿ. 8,588 ಚದರ ಮೀಟರ್‌ನ ಒಂದು ತುಂಡು ಜಮೀನಿನ ಬಳಕೆಯ ಹಕ್ಕು ಅಂದು 52.5 ಲಕ್ಷ ಯುವಾನ್‌ಗೆ ಹೋಯಿತು. ಆ ದಿನ ಸಂವಿಧಾನದಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ನಾಲ್ಕು ತಿಂಗಳ ನಂತರ, 1988ರ ಏಪ್ರಿಲ್‌ನಲ್ಲಿ, ಸಂವಿಧಾನವನ್ನೇ ತಿದ್ದಲಾಯಿತು. 1990ರ ನಿಯಮಗಳು ಅವಧಿಯನ್ನೂ ಗೊತ್ತುಮಾಡಿದವು: ವಸತಿಗೆ 70 ವರ್ಷ, ಕೈಗಾರಿಕೆಗೆ 50, ವಾಣಿಜ್ಯಕ್ಕೆ 40. ಇಲ್ಲೊಂದು ಸೂಕ್ಷ್ಮವಿದೆ, ಬಹಳ ಮಂದಿ ಇದನ್ನು ಗಮನಿಸುವುದಿಲ್ಲ. 70 ವರ್ಷಗಳ ಬಳಕೆಗೆ ಕೊಡಬೇಕಾದ ಹಣವೆಲ್ಲ ಮೊದಲೇ ಒಂದು ಗಂಟಾಗಿ ಬರುತ್ತದೆ. ಕೆಲವೇ ವರ್ಷಗಳಲ್ಲಿ ವರ್ಗವಾಗಿ ಹೋಗಲಿರುವ, ಆರ್ಥಿಕ ಬೆಳವಣಿಗೆಯ ಅಂಕಿಯಿಂದ ಬಡ್ತಿ ಪಡೆಯುವ ಮೇಯರ್ ಒಬ್ಬರ ಕೈಗೆ ಎರಡು ತಲೆಮಾರಿನ ಬಾಡಿಗೆ ಇಂದೇ ಸಿಕ್ಕಿದರೆ, ಅವರು ಎಷ್ಟು ಜಮೀನು ಮಾರುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಭೂ ಆಡಳಿತ ಕಾನೂನು 1998ರಲ್ಲಿ ತಿದ್ದುಪಡಿಯಾದಾಗ, ಕಟ್ಟಡಕ್ಕೆ ಜಮೀನು ಬೇಕಾದವರು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಸರ್ಕಾರಿ ಜಮೀನನ್ನೇ ಪಡೆಯಬೇಕೆಂದು ಹೇಳಿತು. ಅರ್ಥಾತ್ ಹಳ್ಳಿಯ ಹೊಲವೊಂದು ಅಂಗಡಿಯಾಗಬೇಕಾದರೂ ಬಡಾವಣೆಯಾಗಬೇಕಾದರೂ ಮೊದಲು ಸರ್ಕಾರ ಅದನ್ನು ಸ್ವಾಧೀನಪಡಿಸಿಕೊಳ್ಳಬೇಕಿತ್ತು, ಆಮೇಲೆ ಕೊಡಬೇಕಿತ್ತು. ಕೊಳ್ಳುವಾಗಲೂ ಒಬ್ಬನೇ ಗಿರಾಕಿ, ಮಾರುವಾಗಲೂ ಒಬ್ಬನೇ ವ್ಯಾಪಾರಿ. ಪರಿಹಾರವನ್ನು ಲೆಕ್ಕ ಹಾಕುತ್ತಿದ್ದುದು ಜಮೀನಿನ ಮುಂದಿನ ಬಳಕೆಯ ಮೇಲಲ್ಲ, ಹಿಂದಿನ ಬೆಳೆಯ ಮೇಲೆ: ಹಿಂದಿನ ಮೂರು ವರ್ಷಗಳ ಸರಾಸರಿ ವಾರ್ಷಿಕ ಉತ್ಪನ್ನದ ಮೌಲ್ಯಕ್ಕೆ ಭೂಪರಿಹಾರವಾಗಿ 6ರಿಂದ 10 ಪಟ್ಟು, ಅದರ ಮೇಲೆ ಪುನರ್ವಸತಿ ಸಹಾಯ, ಎರಡೂ ಸೇರಿ 30 ಪಟ್ಟನ್ನು ಮೀರುವಂತಿರಲಿಲ್ಲ.

ಇದನ್ನು ಒಂದು ಮು ಜಮೀನಿನ ಮೇಲೆ ಹಾಕಿ ನೋಡೋಣ. ಚೀನಾದ ಅಳತೆಯಲ್ಲಿ 15 ಮು ಒಂದು ಹೆಕ್ಟೇರ್. ಈ ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು, ಯಾವುದೇ ಊರಿನವಲ್ಲ. ಒಂದು ಮು ಹೊಲ ವರ್ಷಕ್ಕೆ 1,500 ಯುವಾನ್ ಬೆಲೆಯ ಬೆಳೆ ಕೊಡುತ್ತದೆ ಎಂದುಕೊಳ್ಳಿ. ಕಾನೂನಿನ ಗರಿಷ್ಠ ಮಿತಿಯಲ್ಲೇ ಪರಿಹಾರ ಕೊಟ್ಟರೂ ಅದು 45,000 ಯುವಾನ್. ಸರ್ಕಾರ ಅದನ್ನು ಸಮತಟ್ಟು ಮಾಡಿ, ನೀರು, ವಿದ್ಯುತ್, ರಸ್ತೆ ಮುಟ್ಟಿಸುತ್ತದೆ. ಚೀನಾದ ಅಧಿಕಾರಿಗಳ ಆಡುಮಾತಿನಲ್ಲಿ ಇದಕ್ಕೆ ‘ಮೂರು ಜೋಡಣೆ, ಒಂದು ಸಮತಟ್ಟು’ ಎಂದೇ ಹೆಸರು. ಅದಕ್ಕೆ 2 ಲಕ್ಷ ಯುವಾನ್ ಖರ್ಚು ಹಿಡಿಯಿರಿ. ಅದೇ ಒಂದು ಮು ವಸತಿ ಹರಾಜಿನಲ್ಲಿ 10 ಲಕ್ಷಕ್ಕೆ ಹೋದರೆ ಏಳೂವರೆ ಲಕ್ಷ ಯುವಾನ್ ಸರ್ಕಾರದಲ್ಲೇ ಉಳಿಯಿತು. ಮಾದರಿ ಹೇಳುವ ‘ಕೃಷಿಭೂಮಿಯ ಬೆಲೆ ನಗರದ ಅಂಚನ್ನು ತಡೆಯುತ್ತದೆ’ ಎಂಬ ಮಾತು ಇಲ್ಲಿ ಕೆಲಸ ಮಾಡಲಾರದು, ಏಕೆಂದರೆ ಹೊಲದ ನಿಜವಾದ ಬೆಲೆಯನ್ನು ಕೇಳುವ ಸ್ವಾತಂತ್ರ್ಯವೇ ಹೊಲದವರಿಗೆ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಹೃದಯ ಇದೇ, ಮತ್ತು ಇದರಲ್ಲಿರುವ ಅನ್ಯಾಯವನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಮರೆಸಬಾರದು.

ಸ್ಥಳೀಯ ಸರ್ಕಾರಗಳಿಗೆ ಇಷ್ಟು ಹಣದ ಹಸಿವು ಏಕೆ? 1994ರ ತೆರಿಗೆ ಹಂಚಿಕೆ ಸುಧಾರಣೆಯನ್ನು ನೋಡಬೇಕು. ದೇಶದ ಒಟ್ಟು ರಾಜಸ್ವದಲ್ಲಿ ಕೇಂದ್ರದ ಪಾಲು 1993ರಲ್ಲಿ ಸುಮಾರು ಶೇ. 22 ಇದ್ದದ್ದು 1994ರಲ್ಲಿ ಸುಮಾರು ಶೇ. 56ಕ್ಕೆ ಜಿಗಿಯಿತು. ಶಾಲೆ, ಆಸ್ಪತ್ರೆ, ರಸ್ತೆ, ಪಿಂಚಣಿಯ ಹೊಣೆಗಳು ಮಾತ್ರ ಕೆಳಗಿನ ಸರ್ಕಾರಗಳ ಮೇಲೆಯೇ ಉಳಿದವು. ಆದರೆ ಜಮೀನು ವರ್ಗಾವಣೆಯ ಹಣ ಬಹುತೇಕ ಸ್ಥಳೀಯ ಸರ್ಕಾರಗಳಿಗೇ ಬಿಟ್ಟದ್ದಾಗಿತ್ತು. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಿಟ್ಟರೆ ಜನ ತೆರೆದ ಬಾಗಿಲಿನಿಂದಲೇ ಹೋಗುತ್ತಾರೆ. ಈ ಆದಾಯ 2021ರಲ್ಲಿ ತನ್ನ ತುದಿ ಮುಟ್ಟಿ ಸುಮಾರು 8.7 ಲಕ್ಷ ಕೋಟಿ ಯುವಾನ್ ಆಯಿತು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಜಮೀನು ಅಷ್ಟು ಬಂದರೂ ಮನೆ ಅಗ್ಗವಾಗಲಿಲ್ಲ, ಏಕೆಂದರೆ ಬಂದ ಜಮೀನೆಲ್ಲ ಮನೆಗೆ ಹೋಗಲಿಲ್ಲ. ಸ್ಥಳೀಯ ಸರ್ಕಾರಗಳು ಜಮೀನನ್ನು ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದವು. ವಸತಿ ಮತ್ತು ವಾಣಿಜ್ಯದ ಜಮೀನನ್ನು ಕೊಂಚ ಕೊಂಚವಾಗಿ ಬಿಟ್ಟು, 2002ರ ನಿಯಮದ ನಂತರ ಟೆಂಡರ್, ಹರಾಜುಗಳ ಮೂಲಕ ಏರಿದ ಬೆಲೆಗೆ ಮಾರಿದವು. ಕೈಗಾರಿಕೆಯ ಜಮೀನನ್ನು ಮಾತ್ರ ಮಾತುಕತೆಯಲ್ಲಿ, ಅಗ್ಗಕ್ಕೆ, ಧಾರಾಳವಾಗಿ ಕೊಟ್ಟವು. ಮೇಲಿನ ಉದಾಹರಣೆಯ ಮು ಜಮೀನನ್ನೇ ಕಾರ್ಖಾನೆಗೆ 1 ಲಕ್ಷಕ್ಕೆ ಕೊಟ್ಟರೆ ಸರ್ಕಾರಕ್ಕೆ ನಷ್ಟವಲ್ಲವೇ ಎಂದು ನೀವು ಕೇಳಬಹುದು. ಆ ಒಂದು ವ್ಯವಹಾರದಲ್ಲಿ ನಷ್ಟವೇ. ಆದರೆ ಮನೆ ಕೊಳ್ಳುವವನು ಈ ಊರನ್ನು ಬಿಟ್ಟು ಸುಲಭವಾಗಿ ಬೇರೆ ಊರಿಗೆ ಹೋಗಲಾರ. ಕಾರ್ಖಾನೆಯ ಮಾಲೀಕ ಪಕ್ಕದ ಜಿಲ್ಲೆಗೆ ನಾಳೆಯೇ ಹೋಗಬಲ್ಲ. ಅವನನ್ನು ಹಿಡಿದಿಟ್ಟುಕೊಂಡರೆ ವರ್ಷವರ್ಷವೂ ಮೌಲ್ಯವರ್ಧಿತ ತೆರಿಗೆಯ ಪಾಲು ಬರುತ್ತದೆ (1994ರಿಂದ ಶೇ. 25, 2016ರಿಂದ ಶೇ. 50), ಕಾರ್ಮಿಕರು ಬರುತ್ತಾರೆ, ಅವರ ಹಿಂದೆ ಅಂಗಡಿ, ಹೋಟೆಲ್, ಬಸ್ಸು ಬರುತ್ತವೆ, ಕೊನೆಗೆ ಉಳಿದ ವಸತಿ ಜಮೀನಿನ ಬೆಲೆಯೂ ಏರುತ್ತದೆ. ಒಂದರ ನಷ್ಟವನ್ನು ಇನ್ನೊಂದರ ದುಬಾರಿ ಬೆಲೆ ತುಂಬಿಕೊಟ್ಟಿತು. ನಗರ ಅಗಲವಾಗಿ ಹರಡಿದ್ದಕ್ಕೂ ಅದರೊಳಗೆ ಮನೆ ಕೈಗೆಟುಕದೆ ಹೋದದ್ದಕ್ಕೂ ಕಾರಣ ಒಂದೇ ಆಗಿರುವುದು ಹೀಗೆ.

ಈ ಪೈಪೋಟಿ ಎಷ್ಟು ದೂರ ಹೋಯಿತೆಂಬುದಕ್ಕೆ ಅಭಿವೃದ್ಧಿ ವಲಯಗಳ ಲೆಕ್ಕವೇ ಸಾಕು. ಪ್ರತಿ ಜಿಲ್ಲೆಯೂ ಪಟ್ಟಣವೂ ತನ್ನದೊಂದು ವಲಯವನ್ನು ಘೋಷಿಸಿಕೊಂಡು, 2003ರಲ್ಲಿ ಆರಂಭವಾದ ತಪಾಸಣೆಯ ವೇಳೆಗೆ ಅವುಗಳ ಸಂಖ್ಯೆ 6,866 ಆಗಿತ್ತು. ಕೇಂದ್ರ ಸರ್ಕಾರ ಅದನ್ನು 1,568ಕ್ಕೆ ಇಳಿಸಿತು. ಕೈಗಾರಿಕಾ ಜಮೀನಿಗೆ ಕನಿಷ್ಠ ಬೆಲೆಯನ್ನು ನಿಗದಿಪಡಿಸಿ 2007ರಿಂದ ಜಾರಿಗೆ ತಂದಿತು. ಬೇಲಿ ಹಾಕಿ, ರಸ್ತೆ ಹಾಸಿ, ಕಂಬ ನೆಟ್ಟು, ಕಾರ್ಖಾನೆ ಬಾರದೆ ಹುಲ್ಲು ಬೆಳೆದ ಜಮೀನೂ ಅಷ್ಟು ಹೊತ್ತಿಗೆ ನಗರದ ಲೆಕ್ಕಕ್ಕೆ ಸೇರಿಹೋಗಿತ್ತು.

ಸಾಲ ಈ ಯಂತ್ರಕ್ಕೆ ಎಣ್ಣೆ ಸುರಿಯಿತು. 1994ರ ಬಜೆಟ್ ಕಾನೂನು ಸ್ಥಳೀಯ ಸರ್ಕಾರಗಳು ನೇರವಾಗಿ ಬಾಂಡ್ ಹೊರಡಿಸುವುದನ್ನು ನಿಷೇಧಿಸಿದ್ದರಿಂದ, ಅವು ತಮ್ಮದೇ ಹಣಕಾಸು ಕಂಪನಿಗಳನ್ನು ಕಟ್ಟಿ, ಸ್ವಾಧೀನದ ಜಮೀನನ್ನು ಅಡವಿಟ್ಟು ಬ್ಯಾಂಕುಗಳಿಂದ ಸಾಲ ತಂದವು. 2008ರ ಜಾಗತಿಕ ಹಿಂಜರಿತಕ್ಕೆ ಉತ್ತರವಾಗಿ ಘೋಷಿಸಿದ 4 ಲಕ್ಷ ಕೋಟಿ ಯುವಾನ್‌ಗಳ ಉತ್ತೇಜನದ ಕಾಲದಲ್ಲಿ ಇಂಥ ಸಾಲ ಉಕ್ಕಿ ಹರಿಯಿತು. ಆ ಹಣದಲ್ಲಿ ರಸ್ತೆ, ಸೇತುವೆ, ಮೆಟ್ರೋ ಆದವು. ರಸ್ತೆ ಬಂದಲ್ಲಿ ಪಕ್ಕದ ಜಮೀನಿನ ಬೆಲೆ ಏರಿತು. ಏರಿದ ಬೆಲೆಯ ಮೇಲೆ ಮತ್ತೆ ಸಾಲ ಹುಟ್ಟಿತು. ಅತಿವೇಗದ ರೈಲಿನ ಹೊಸ ನಿಲ್ದಾಣಗಳು ಬಹಳ ಕಡೆ ಹಳೆಯ ಊರಿನಿಂದ ದೂರದ ಹೊಲಗಳ ನಡುವೆ ನಿಂತಿರುವುದನ್ನು ಪ್ರಯಾಣಿಕರು ಗಮನಿಸಿರುತ್ತಾರೆ. ಅಲ್ಲಿ ಜಮೀನು ಅಗ್ಗ ಎಂಬುದು ಒಂದು ಕಾರಣವಾದರೆ, ನಿಲ್ದಾಣದ ಸುತ್ತ ಹೊಸ ಪಟ್ಟಣ ಕಟ್ಟಿ ಜಮೀನು ಮಾರಬಹುದೆಂಬುದು ಇನ್ನೊಂದು ಕಾರಣ.

ವಿಸ್ತರಣೆಯ ಆಕಾರವನ್ನು ಹತ್ತಿರದಿಂದ ನೋಡಬೇಕೆಂದರೆ ಶೆಂಝೆನ್ ಅಥವಾ ಗ್ವಾಂಗ್‌ಝೌ ನಗರದೊಳಗಿನ ಹಳ್ಳಿಗಳನ್ನು ನೋಡಬೇಕು. ಹೊಲವನ್ನು ಸ್ವಾಧೀನಪಡಿಸಿಕೊಳ್ಳುವುದು ಅಗ್ಗ. ಜನ ವಾಸಿಸುವ ಮನೆಗಳನ್ನು ಸ್ವಾಧೀನಪಡಿಸಿಕೊಳ್ಳುವುದು ದುಬಾರಿ, ತಕರಾರು ಬೇರೆ. ಆದ್ದರಿಂದ ನಗರ ಹಳ್ಳಿಯ ಹೊಲಗಳನ್ನೆಲ್ಲ ತೆಗೆದುಕೊಂಡು, ಮನೆಗಳ ಗುಂಪನ್ನು ಹಾಗೆಯೇ ಬಿಟ್ಟು, ಅದನ್ನು ಸುತ್ತುವರಿದು ಮುಂದಿನ ಹಳ್ಳಿಯ ಹೊಲಗಳಿಗೆ ದಾಟಿಕೊಂಡಿತು. ಬೇಸಾಯ ಕಳೆದುಕೊಂಡ ಹಳ್ಳಿಯವರು ಉಳಿದ ಮನೆಯ ನಿವೇಶನದಲ್ಲೇ ಐದಾರು ಅಂತಸ್ತು ಎಬ್ಬಿಸಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಎದುರುಬದುರು ಕಿಟಕಿಗಳಿಂದ ಕೈಚಾಚಿ ಕೈಕುಲುಕಬಹುದಾದಷ್ಟು ಹತ್ತಿರ ಕಟ್ಟಿದ ಈ ಕಟ್ಟಡಗಳಿಗೆ ಚೀನೀಯರು ‘ಕೈಕುಲುಕುವ ಕಟ್ಟಡಗಳು’ ಎಂದೇ ಹೆಸರಿಟ್ಟಿದ್ದಾರೆ. ಓಣಿಗೆ ಮಧ್ಯಾಹ್ನದಲ್ಲೂ ಬಿಸಿಲು ಇಳಿಯುವುದಿಲ್ಲ, ತಲೆಯ ಮೇಲೆ ತಂತಿಗಳ ಜಡೆ. ಆದರೆ ನಗರದ ಕಾರ್ಖಾನೆಗಳಲ್ಲಿ, ಅಡುಗೆಮನೆಗಳಲ್ಲಿ ದುಡಿದ ಲಕ್ಷಾಂತರ ವಲಸಿಗರಿಗೆ ಕೈಗೆಟುಕುವ ಸೂರು ಸಿಕ್ಕಿದ್ದು ಇಲ್ಲೇ. ನಕ್ಷೆಯಲ್ಲಿ ವಿರಳವಾಗಿ ಹರಡಿದಂತೆ ಕಾಣುವ ಅದೇ ನಗರದಲ್ಲಿ ಇಷ್ಟು ಒತ್ತಾದ ತುಂಡುಗಳೂ ಇವೆ ಎಂಬುದನ್ನು ಸರಾಸರಿ ಸಾಂದ್ರತೆಯ ಅಂಕಿ ಮರೆಮಾಡುತ್ತದೆ.

ವಲಸೆಯ ವಿಚಾರದಲ್ಲಿ ಇನ್ನೊಂದು ಗಂಟಿದೆ. 1958ರಿಂದ ಜಾರಿಯಲ್ಲಿರುವ ಹುಕೌ ಎಂಬ ಕುಟುಂಬ ನೋಂದಣಿ ಪದ್ಧತಿಯಲ್ಲಿ, ನಗರದಲ್ಲಿ ಎಷ್ಟು ವರ್ಷ ದುಡಿದರೂ ಹಳ್ಳಿಯ ನೋಂದಣಿಯವರು ಬಹುಕಾಲ ಹಳ್ಳಿಯವರಾಗಿಯೇ ಉಳಿದರು. 2020ರಲ್ಲಿ ಜನಸಂಖ್ಯೆಯ ಸುಮಾರು ಶೇ. 64ರಷ್ಟು ಮಂದಿ ನಗರ, ಪಟ್ಟಣಗಳಲ್ಲಿ ವಾಸಿಸುತ್ತಿದ್ದರೆ, ಅಲ್ಲಿನ ನೋಂದಣಿ ಇದ್ದವರು ಶೇ. 45ರಷ್ಟು ಮಾತ್ರ. ನಗರದ ಶಾಲೆ, ಆಸ್ಪತ್ರೆ, ಪಿಂಚಣಿಗಳಲ್ಲಿ ಪೂರ್ಣ ಹಕ್ಕಿಲ್ಲದವರು ಊರಿನ ಮನೆಯನ್ನು ಬಿಟ್ಟುಕೊಡುವುದಾದರೂ ಹೇಗೆ? ಅವರು ಗಳಿಸಿದ ಹಣದಲ್ಲಿ ಹಳ್ಳಿಯಲ್ಲೂ ಹೊಸ ಮನೆ ಕಟ್ಟಿದರು. ಒಂದೇ ಕುಟುಂಬ ಎರಡು ಕಡೆ ಜಮೀನು ಹಿಡಿದಂತಾಯಿತು. ನಗರ ಹಿಗ್ಗಿದಷ್ಟಕ್ಕೆ ಹಳ್ಳಿಯ ಕಟ್ಟಡ ಪ್ರದೇಶ ಕುಗ್ಗಲಿಲ್ಲ. ನೋಂದಣಿಯ ನಿಯಮವೂ ಭೂಬಳಕೆಯ ನಿಯಮವೇ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ.

ಬೀಜಿಂಗ್ ಸುಮ್ಮನೆ ಕುಳಿತಿರಲಿಲ್ಲ. ಸಾಗುವಳಿ ಭೂಮಿ 180 ಕೋಟಿ ಮು, ಅಂದರೆ 12 ಕೋಟಿ ಹೆಕ್ಟೇರ್‌ಗಿಂತ ಕೆಳಗೆ ಇಳಿಯಬಾರದೆಂಬ ಕೆಂಪು ಗೆರೆಯನ್ನು ಎಳೆಯಿತು, ಪ್ರತಿ ಪ್ರಾಂತ್ಯಕ್ಕೂ ವಾರ್ಷಿಕ ಪರಿವರ್ತನೆಯ ಕೋಟಾ ಕೊಟ್ಟಿತು, ಕಳೆದುಕೊಂಡಷ್ಟು ಸಾಗುವಳಿ ಭೂಮಿಯನ್ನು ಬೇರೆಡೆ ಹೊಸದಾಗಿ ಮಾಡಿಕೊಡಬೇಕೆಂದಿತು. ವಿಸ್ತೀರ್ಣದ ಲೆಕ್ಕ ಸರಿದೂಗಿದರೂ ಮಣ್ಣಿನ ಲೆಕ್ಕ ಸರಿದೂಗಲಿಲ್ಲ: ಹೋದದ್ದು ನದಿಗಳ ಮುಖದ, ನೀರಿನ ಸೌಕರ್ಯವಿದ್ದ ಮೆಕ್ಕಲು ಮಣ್ಣು, ಬಂದದ್ದು ಬಹಳಷ್ಟು ಕಡೆ ಈಶಾನ್ಯದ ಚಳಿ ಪ್ರದೇಶದ ಅಥವಾ ಶಿನ್‌ಜಿಯಾಂಗ್‌ನ ಒಣ ಪ್ರದೇಶದ ನೆಲ. ಹಳ್ಳಿಯ ಮನೆಗಳನ್ನು ಕೆಡವಿ ಹೊಲ ಮಾಡಿದರೆ ಅಷ್ಟೇ ವಿಸ್ತೀರ್ಣವನ್ನು ನಗರದ ಅಂಚಿನಲ್ಲಿ ಪರಿವರ್ತಿಸಲು ಅನುಮತಿ ನೀಡುವ ಯೋಜನೆಯೂ ಬಂತು. ಚೊಂಗ್‌ಚಿಂಗ್‌ನಲ್ಲಿ 2008ರ ಡಿಸೆಂಬರ್‌ನಲ್ಲಿ ಇಂಥ ಅನುಮತಿ ಚೀಟಿಗಳನ್ನು ಮಾರುವ ವಿನಿಮಯ ಕೇಂದ್ರವೇ ಆರಂಭವಾಯಿತು. ದೂರದ ಹಳ್ಳಿಯವರಿಗೂ ನಗರದ ಜಮೀನಿನ ಬೆಲೆಯಲ್ಲಿ ಒಂದು ಪಾಲು ಸಿಕ್ಕಿತೆಂಬುದು ಇದರ ಒಳ್ಳೆಯ ಮುಖ. ಆದರೆ ಕೋಟಾಕ್ಕಾಗಿ ಇಷ್ಟವಿಲ್ಲದವರನ್ನೂ ಅಂತಸ್ತಿನ ಮನೆಗಳಿಗೆ ಸಾಗಿಸಿದ ಪ್ರಸಂಗಗಳು ದೇಶದ ಬೇರೆ ಕಡೆಗಳಲ್ಲಿ ನಡೆದವು.

2020ರ ಜನವರಿ 1ರಿಂದ ಜಾರಿಯಾದ ಭೂ ಆಡಳಿತ ಕಾನೂನಿನ ತಿದ್ದುಪಡಿ ಪರಿಹಾರದ 30 ಪಟ್ಟಿನ ಮಿತಿಯನ್ನು ತೆಗೆದುಹಾಕಿದೆ, ಸಮುದಾಯದ ವಾಣಿಜ್ಯ ಜಮೀನು ಸರ್ಕಾರದ ಸ್ವಾಧೀನವಿಲ್ಲದೆ ನೇರವಾಗಿ ಮಾರುಕಟ್ಟೆಗೆ ಬರಲು ದಾರಿ ಮಾಡಿದೆ, ಸ್ವಾಧೀನಕ್ಕೆ ಸಾರ್ವಜನಿಕ ಹಿತವೆಂದರೆ ಏನೆಂಬುದನ್ನು ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ‘ಒಟ್ಟಾರೆ ಪ್ರದೇಶಾಭಿವೃದ್ಧಿ’ ಎಂಬ ಬಾಬೂ ಸೇರಿರುವುದರಿಂದ ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. ಮತ್ತೊಂದು ಕಡೆ, ವಸತಿ ಮಾರುಕಟ್ಟೆ ಕುಸಿದು ಜಮೀನಿನ ಆದಾಯ 2023ರಲ್ಲಿ ಸುಮಾರು 5.8 ಲಕ್ಷ ಕೋಟಿ ಯುವಾನ್‌ಗೆ ಇಳಿಯಿತು. ಜನ ಇದ್ದರೂ, ಆದಾಯ ಇದ್ದರೂ, ಈ ಹಣದ ಹರಿವು ತಗ್ಗಿದಾಗ ವಿಸ್ತರಣೆ ಎಷ್ಟು ತಗ್ಗುತ್ತದೆ ಎಂಬುದನ್ನು ಅಳೆಯಲು ನಿಮಗಿಂತ ಹಿಂದಿನ ಸಂಶೋಧಕರಿಗೆ ಇಲ್ಲದ ಅವಕಾಶ ನಿಮಗಿದೆ.

ಆದ್ದರಿಂದ ಪ್ರಬಂಧದ ವಿಷಯವಾಗಿ ನನ್ನ ಸಲಹೆ ಇಷ್ಟು. ಜನಸಂಖ್ಯೆ, ತಲಾ ಆದಾಯ, ಹೆದ್ದಾರಿಯ ದೂರ ಇವುಗಳನ್ನು ಖಂಡಿತ ಇಟ್ಟುಕೊಳ್ಳಿ. ಆದರೆ ನಗರದ ಜಮೀನನ್ನು ಒಂದೇ ರಾಶಿಯಾಗಿ ಅಳೆಯದೆ ಕೈಗಾರಿಕೆಯದನ್ನೂ ವಸತಿಯದನ್ನೂ ಬೇರ್ಪಡಿಸಿ, ಪ್ರತಿ ನಗರಕ್ಕೂ ಹರಾಜಿನ ಬೆಲೆ ಮತ್ತು ರೈತರಿಗೆ ಕೊಟ್ಟ ಪರಿಹಾರದ ನಡುವಿನ ಅಂತರವನ್ನು ಒಂದು ಕಾರಣಾಂಶವಾಗಿ ಸೇರಿಸಿ. ಉಪಗ್ರಹ ಚಿತ್ರದಲ್ಲಿ ನಗರದ ಅಂಚನ್ನು ಗುರುತಿಸುವಾಗ ಅದೇ ಜಿಲ್ಲೆಯ ಹಳ್ಳಿಗಳ ಕಟ್ಟಡ ಪ್ರದೇಶವನ್ನೂ ಅಳೆಯಿರಿ. ಕಾಲಾವಧಿಯನ್ನು 1994ಕ್ಕಿಂತ ಮೊದಲೇ ಆರಂಭಿಸಿ, ತೆರಿಗೆ ಸುಧಾರಣೆಯ ಹಿಂದುಮುಂದನ್ನು ಹೋಲಿಸಲು ಸಾಧ್ಯವಾಗುವಂತೆ ಇರಿಸಿಕೊಳ್ಳಿ.